ಅಳಿಸಿಹೋದ ಮೈನಸ್

ನಮ್ಮ ಗಣಿತದ ಮೇಷ್ಟ್ರ ಪುಕ್ಕಲುತನ ಎಂಥದೆಂದರೆ, ಒಮ್ಮೆ ಸೀನಿದರೆ ಆ ಸದ್ದಿಗೆ ತಾವೇ ಬೆಚ್ಚಿ ಇನ್ನೊಮ್ಮೆ ಸೀನುತ್ತಿದ್ದರು. ಕಾಲೇಜಿಗೆಲ್ಲ ಅವರು ‘ನಡುಕದ ಮೇಷ್ಟ್ರು’. ವರ್ಷಗಟ್ಟಲೆ ಹಂಗಾಮಿಯಾಗಿ ದುಡಿದ ಮೇಲೆ ಒಂದು ಮಾತಾಯಿತು: ಪ್ರಿನ್ಸಿಪಾಲರು ಅವರ ಒಂದು ಪಾಠಕ್ಕೆ ಕೂರುತ್ತಾರೆ, ಒಪ್ಪಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಯ ದಾರಿ.

ಆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಕೈ ನಿಲ್ಲಲಿಲ್ಲ. ಹೆಂಡತಿಯೇ ಹಾಕಿದರು.

“ಯಾಕ್ರೀ ಹಿಂಗಾಡ್ತೀರಿ? ಅವರೇನು ಹುಲಿನಾ?”

“ಹುಲಿಯಾದ್ರೆ ತಿಂದು ಸುಮ್ಮನಾಗುತ್ತೆ ಕಣೇ. ಇವರು ಪ್ರಶ್ನೆ ಕೇಳ್ತಾರೆ.”

ಪ್ರಿನ್ಸಿಪಾಲರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅವರೂ ಗಣಿತದವರೇ. ಮೇಷ್ಟ್ರ ಮೊಣಕಾಲುಗಳು ಬಡಿದುಕೊಂಡ ಸದ್ದಿಗೆ, ಯಾರೋ ಬಾಗಿಲು ತಟ್ಟಿದರೆಂದು ಪಕ್ಕದ ಕ್ಲಾಸಿನವರು ಎದ್ದು ಚಿಲಕ ತೆಗೆದರು. ಹಾಗೂ ಹೀಗೂ ಬೋರ್ಡಿನ ಮೇಲೆ ಒಂದು ಅನುಕಲನ (ಇಂಟಿಗ್ರೇಶನ್) ಮೂಡಿತು: ಚಿಹ್ನೆಯ ಕೆಳಗೆ −1, ಮೇಲೆ 1, ಅಂದರೆ −1ರಿಂದ 1ರವರೆಗೆ, x³ cos x.

“ಇದು ಬೆಸ ಫಲನ. ಗ್ರಾಫ್ ಬರೆದ್ರೆ ಸೊನ್ನೆಯ ಬಲಗಡೆ ಗೆರೆಯ ಮೇಲೆ ಎಷ್ಟು ಜಾಗ ಇದೆಯೋ, ಎಡಗಡೆ ಗೆರೆಯ ಕೆಳಗೂ ಅಷ್ಟೇ. ಅದಕ್ಕೂ ಇದಕ್ಕೂ ವಜಾ. ಲೆಕ್ಕ ಮಾಡೋದೇ ಬೇಡ, ಉತ್ತರ ಸೊನ್ನೆ.”

ಹೇಳುವಾಗ ಬೆವರಿದ ಎಡ ಅಂಗೈಯನ್ನು ಬೋರ್ಡಿಗೆ ಊರಿಕೊಂಡಿದ್ದರು. ಊರದಿದ್ದರೆ ಬಿದ್ದೇ ಹೋಗುತ್ತಿದ್ದರು.

“ಮೇಷ್ಟ್ರೇ,” ಎಂದಿತು ಪ್ರಿನ್ಸಿಪಾಲರ ಬೆಂಚು, “ಕೆಳಗೂ ಒಂದು, ಮೇಲೂ ಒಂದು. ನಿಮ್ಮ ಎಡಗಡೆ ಎಲ್ಲಿಗೆ ಹೋಯ್ತು?”

ತಿರುಗಿ ನೋಡಿದರೆ ಕೆಳಗಿನ ಒಂದರ ಮುಂದೆ ಮೈನಸ್ ಇರಲಿಲ್ಲ. ಅದು ಅಂಗೈಗೆ ಮೆತ್ತಿಕೊಂಡಿತ್ತು. ಆ ಚೋಟುದ್ದ ಗೆರೆಯ ಜೊತೆ ಕೆಲಸವೂ ಒರೆಸಿಹೋಯಿತೆಂದೇ ಮೇಷ್ಟ್ರಿಗೆ ಅನ್ನಿಸಿತು.

“ಈಗ ಬೋರ್ಡ್ ಮೇಲಿರೋದಕ್ಕೇ ಉತ್ತರ ಹೇಳಿ.”

ಒಂದರಿಂದ ಒಂದರವರೆಗೆ. ಓಡಿಹೋಗೋಣವೆಂದರೆ ಕಾಲು ನೆಲಕ್ಕೆ ಬೇರು ಬಿಟ್ಟಿತ್ತು. ಹೊರಡಬೇಕೆಂದುಕೊಂಡರೂ ನಿಂತಲ್ಲೇ ನಿಂತಿದ್ದರು. ಉತ್ತರ ತಮ್ಮ ಕಾಲ ಕೆಳಗೇ ಇದೆಯೆಂದು ಆಗ ಹೊಳೆಯಿತು.

“ಆಗಲೂ ಸೊನ್ನೆನೇ ಸಾರ್. ಹೊರಟ ಜಾಗದಲ್ಲೇ ನಿಂತವನು ಎಷ್ಟು ದೂರ ಹೋದಂಗಾಯ್ತು?”

“ಉತ್ತರ ಅದೇ, ಕಾರಣ ಬೇರೆ. ಎರಡೂ ಗೊತ್ತಿದೆಯಲ್ಲ, ಸಾಕು,” ಎಂದು ಪ್ರಿನ್ಸಿಪಾಲರು ಎದ್ದುಹೋದರು.

ಕೆಲಸ ಕಾಯಂ ಆಯಿತು. ಮೇಷ್ಟ್ರು ಅದಕ್ಕೂ ಹೆದರಿದರು. ಇನ್ನು ನಿವೃತ್ತಿಯವರೆಗೂ ಪಾಠ ಮಾಡಬೇಕಲ್ಲ. ಅಂದಿನಿಂದ ಅವರು ಎಳೆಯುವ ಮೈನಸ್ ಕಿಟಕಿಯ ಹತ್ತಿರ ಶುರುವಾದರೆ ಬಾಗಿಲು ಮುಟ್ಟಿಯೇ ನಿಲ್ಲುತ್ತದೆ. ಎಡಗೈ ಮಾತ್ರ ಜೇಬು ಬಿಟ್ಟು ಹೊರಗೆ ಬರುವುದಿಲ್ಲ.