ಹೊಲಿಗೆ ಮೆಷಿನ್ನಿನ ನಂಬರು

ಬಸ್ರೂರಿನಲ್ಲಿರುವ ಅಕ್ಕನ ಹೊಲಿಗೆ ಅಂಗಡಿಗೆ ಹೋದಾಗಲೆಲ್ಲ ನನಗೆ ಆ ಮೆಷಿನ್ನಿನ ಮೇಲೆ ಸಿಟ್ಟು ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದವಳಿಗೆ ಅಪ್ಪಯ್ಯ ಕಾಲೇಜಿನ ಅರ್ಜಿ ತರಲಿಲ್ಲ, ಈ ಮೆಷಿನ್ನು ತಂದರು. ಏಳು ವರ್ಷ ಕಳೆದು ನನ್ನ ಸರದಿ ಬರುವಾಗ ಅವರ ಬುದ್ಧಿ ಬದಲಾಗಿತ್ತು. ಅರವತ್ತೆರಡು ತೆಗೆದ ನಾನು ಕುಂದಾಪುರದಲ್ಲಿ ಕಾಲೇಜು ಓದಿ, ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ. ಎಲ್ಲ ಹಣೆಬರಹ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ನನಗೆ ಮೈ ಉರಿಯುತ್ತದೆ.

ಮೆಷಿನ್ನಿನ ಮೇಲೆ ಒತ್ತಿದ ನಂಬರು 1022117. ಮೂವತ್ತು ವರ್ಷ ಅದನ್ನೇ ನೋಡುತ್ತ ಕೂತ ಅಕ್ಕನಿಗೆ ಕಳೆದ ಮಳೆಗಾಲದಲ್ಲಿ ಒಂದು ಹಟ ಹಿಡಿಯಿತು. ಇದು ಒಂದನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲಾದರೂ ಭಾಗ ಹೋಗುತ್ತದೋ ಇಲ್ಲವೋ? ಹೋಗದಿದ್ದರೆ ಅದು ಅವಿಭಾಜ್ಯ ಸಂಖ್ಯೆ. ಅಷ್ಟು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಸಾವಿರದೊಳಗಿನ ನೂರ ಅರವತ್ತೆಂಟನ್ನು ನಾನೇ ಪಟ್ಟಿ ಮಾಡಿ ಕೊಟ್ಟೆ. ಅವಳು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಒಂದು ರವಿಕೆ ಹೊಲಿದು ಮುಗಿದರೆ ಒಂದು ಭಾಗಾಕಾರ, ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ.

ದೀಪಾವಳಿ ಹೊತ್ತಿಗೆ ಪಟ್ಟಿಯ ಕೊನೆಯ 997 ಮುಗಿಯಿತು. ಫೋನ್ ಮಾಡಿದಳು.

"ವರ್ಗಮೂಲ ಸಾವಿರದ ಹತ್ತ್ ಚಿಲ್ರೆ ಬತ್ತ್ ಹೆಣೆ. 997ಕ್ಕೂ ಅದ್ಕೂ ನಡೂಕೆ ಮತ್ತ್ ಯಾವ್ದೂ ಇಲ್ಯಾ?"

ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. "ಇಲ್ಲ ಅಕ್ಕ, ಅಷ್ಟ್ ಸಾಕ್. ಅದ್ ಅವಿಭಾಜ್ಯವೇ" ಎಂದು ಫೋನ್ ಇಟ್ಟೆ.

ಅವಳು ಆ ನಂಬರಿಗೆ ಅರಿಶಿನ ಕುಂಕುಮ ಹಚ್ಚಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿದಳಂತೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಹುಡುಗಿಯಾಗಿದ್ದಾಗ ಕೈತಪ್ಪಿದ್ದರಲ್ಲಿ ಇಷ್ಟಾದರೂ ಅವಳಿಗೆ ದಕ್ಕಿತ್ತು.

ಮರುವಾರ ಆ ಸಂಖ್ಯೆಯನ್ನು ತರಗತಿಯಲ್ಲಿ ಉದಾಹರಣೆಯಾಗಿ ಕೊಡೋಣ ಎಂದುಕೊಂಡು ಮೊದಲು ಮೊಬೈಲಿನಲ್ಲಿ ಪರೀಕ್ಷಿಸಿದೆ. 1009 × 1013. ಎರಡೂ ಅವಿಭಾಜ್ಯ. ಪಟ್ಟಿಯನ್ನು ಇನ್ನೊಂದೇ ಒಂದು ಸಂಖ್ಯೆ ಮುಂದುವರಿಸಿದ್ದರೆ ಸಿಗುತ್ತಿತ್ತು. ಒಂದು ನಿಮಿಷ ಪೆನ್ನು ಕೆಳಗಿಟ್ಟು ಯೋಚಿಸದ ನನಗೆ ನಾನೇ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಯಿತು.

ಸಂಜೆ ಬಸ್ಸು ಹತ್ತಿ ಹೋಗಿ ಹೇಳಿದೆ. ಅಕ್ಕ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಿಟ್ಟು, ಪೆನ್ಸಿಲ್ ಹಿಡಿದು ತಾನೇ ಭಾಗಿಸಿದಳು. ಶೇಷ ಸೊನ್ನೆ. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ.

"ನಂಗ್ ಅವತ್ತೇ ಅದ್ರ್ ಮೇಲೆ ಸಂಶಯ ಇದ್ದಿತ್" ಎಂದಳು. "ನೀನ್ ಓದ್ದೋಳ್, ಇಲ್ಲ ಅಂದ್ಯಲ್ದಾ, ಅದ್ಕೆ ಬಿಟ್ಟೆ."

ಅಳತೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. 997ರ ಕೆಳಗೆ ಅವತ್ತೇ 1009 ಎಂದು ಬರೆದು, ಭಾಗಿಸದೆ ಮೇಲೊಂದು ಗೆರೆ ಎಳೆದು ಹೊಡೆದುಹಾಕಿದ್ದಳು.