ಮುಟ್ಟದೆ ನೋಡಿದ ಗಾಡಿ

ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಟೇಬಲ್ಲು, ಎರಡು ಕಂಪ್ಯೂಟರ್ ಪರದೆ, ಒಂದು ಕುರ್ಚಿ ಇವೆ. ಎರಡನೆಯ ಕುರ್ಚಿ ಇಡುವ ಅಗತ್ಯ ಬಿದ್ದಿಲ್ಲ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಗಾಡಿ ನೋಡಿ, ಯಾವ ಪೆಟ್ಟು ಈ ಅಪಘಾತದ್ದು, ಯಾವುದು ಹಳೆಯದು, ಯಾವುದನ್ನು ಬಡಿದು ಸರಿ ಮಾಡಬಹುದು, ಯಾವುದನ್ನು ಬದಲಿಸಬೇಕು ಎಂದು ಕಂಪನಿಗೆ ಬರೆದುಕೊಡುವುದು ನನ್ನ ಕೆಲಸ. ಸುಮಾರು ಇಪ್ಪತ್ತು ವರ್ಷ ಈ ಕೆಲಸವನ್ನು ನಿಂತು ಮಾಡಿದೆ. ಈಗ ಕೆಲವು ವರ್ಷಗಳಿಂದ ಕೂತು ಮಾಡುತ್ತಿದ್ದೇನೆ.

ನಿಂತು ಮಾಡುವಾಗ ಬೆಳಿಗ್ಗೆ ಬೈಕು ಹತ್ತಿದರೆ ಮೊದಲು ಗಬ್ಬೂರ ಬೈಪಾಸಿನ ಗ್ಯಾರೇಜುಗಳು, ಆಮೇಲೆ ಗೋಕುಲ ರಸ್ತೆ, ಮಧ್ಯಾಹ್ನದ ಮೇಲೆ ಧಾರವಾಡ. ಹೋದಲ್ಲೆಲ್ಲ ವಾದ ಇದ್ದೇ ಇರುತ್ತಿತ್ತು. ಗ್ಯಾರೇಜಿನವರಿಗೆ ಹೊಸ ಬಾಗಿಲು ಹಾಕಬೇಕು, ನನಗೆ ಇದ್ದದ್ದನ್ನೇ ಬಡಿದು ಸರಿ ಮಾಡಿಸಬೇಕು.

"ಇದು ಬಾಗಲಾನೋ ಹಪ್ಪಳಾನೋ ನೀವಽ ಹೇಳ್ರಿ ಸಾಹೇಬ್ರ."

"ಹಪ್ಪಳಾ ಇದ್ರ ಕರದು ತಿನ್ರಿ, ಬಾಗಲಾ ಇದ್ರ ಬಡೀರಿ."

ಹೀಗೆ ಜಗಳವಾಡಿ, ಕೊನೆಗೆ ಅದೇ ಬಾಗಿಲಿಗೆ ಒರಗಿ ನಿಂತು ಚಹಾ ಕುಡಿಯುತ್ತಿದ್ದೆವು. ಅದನ್ನು ಗೆಳೆತನ ಅಂದುಕೊಂಡಿರಲಿಲ್ಲ. ಈಗ ಅನ್ನಿಸುತ್ತದೆ.

ನನ್ನ ತಂದೆ, ಅಬ್ಬಾ, ಹಳೇ ಹುಬ್ಬಳ್ಳಿಯಲ್ಲಿ ಗಾಡಿಗಳ ತಗಡಿನ ಕೆಲಸ ಮಾಡುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಣ್ಣು ಮುಚ್ಚಿ ಗಾಡಿಯ ಮೈಮೇಲೆ ಅಂಗೈ ಸರಿಸಿದರೆ, ಬಣ್ಣದ ಕೆಳಗೆ ಎಲ್ಲಿ ತಗ್ಗಿಗೆ ಪುಟ್ಟಿ ತುಂಬಿದ್ದಾರೆ, ಎಲ್ಲಿ ತಗಡು ಒಮ್ಮೆ ಮಡಚಿ ಮತ್ತೆ ನೆಟ್ಟಗಾಗಿದೆ ಎಂದು ಹೇಳುತ್ತಿದ್ದರು. ನನ್ನ ಕೈಗೂ ಅದು ಹತ್ತಿತ್ತು. ಇಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಮಾತ್ರ ಆ ಕೈ ಉಪಯೋಗಕ್ಕೆ ಬರಲಿಲ್ಲ. ಗೇರ್ ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಬಲ್ಲ ನಾನು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಲಾಗದೆ ತರಗತಿಯಲ್ಲಿ ಎದ್ದು ನಿಂತೇ ಇದ್ದೆ. ಗಣಿತ ಮೂರು ಸಲ ಹೋಯಿತು. ನಾಲ್ಕು ವರ್ಷದ ಡಿಗ್ರಿಗೆ ಆರು ವರ್ಷ ಹಿಡಿಯಿತು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದರಲ್ಲಿ ಒಂದು ಅಕ್ಷರವನ್ನೂ ಪಕ್ಕದವನ ಹಾಳೆ ನೋಡಿ ಬರೆದದ್ದಲ್ಲ. ತಾಯಿಯ ಕಡೆ, ತಂದೆಯ ಕಡೆ ಎರಡೂ ಸೇರಿ ನಮ್ಮಲ್ಲಿ ಮೊದಲ ಡಿಗ್ರಿ ಅದು.

ಅಬ್ಬಾ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯಲ್ಲಿ ಇಡಲಿಲ್ಲ. ಗ್ಯಾರೇಜಿನಲ್ಲಿ, ಮಕ್ಕಾದ ಚಿತ್ರಕ್ಕೂ ಆಯಿಲ್ ಕಂಪನಿಯ ಕ್ಯಾಲೆಂಡರಿಗೂ ನಡುವೆ ತೂಗುಹಾಕಿದರು. ಓದಲು ಬರುವ ಗಿರಾಕಿ ಯಾರೇ ಬರಲಿ, "ಏನ್ ಬರದಾರ, ಸ್ವಲ್ಪ ಓದ್ರಿ" ಅನ್ನುವರು. ಅವರು ಓದುವರು, ಇವರು ಸುತ್ತಿಗೆ ಕೆಳಗಿಟ್ಟು ಕೇಳುವರು. ಎಷ್ಟು ಸಲ ಕೇಳಿದರೋ.

ಆ ಡಿಗ್ರಿಯ ಬಲದಿಂದ ಸರ್ವೇಯರ್ ಲೈಸೆನ್ಸು ಬಂತು. ಗ್ಯಾರೇಜಿನವರು ನನ್ನನ್ನು ಸಾಹೇಬ ಎಂದರು. ಕಂಪನಿಯವರು, ಇವನು ಗ್ಯಾರೇಜಿನವನ ಮಗ, ಮೋಸ ಗೊತ್ತಾಗುತ್ತದೆ ಎಂದು ಕೆಲಸ ಕೊಟ್ಟರು. ಪೂರ್ತಿಯಾಗಿ ಯಾರವನೂ ಆಗಲಿಲ್ಲ. ಓಡಾಟ ಇದ್ದಾಗ ಅದು ಅಷ್ಟು ಕಾಣುತ್ತಿರಲಿಲ್ಲ.

ಅಬ್ಬಾ ತೀರಿಕೊಂಡ ಮರುವರ್ಷವೇ ಕೆಲಸದ ರೀತಿ ಬದಲಾಯಿತು. ಕೊರೋನಾದಲ್ಲಿ ತಾತ್ಕಾಲಿಕ ಎಂದು ಶುರುವಾದದ್ದು ಹಾಗೇ ನಿಂತುಬಿಟ್ಟಿತು. ಗಾಡಿಯ ಮಾಲೀಕ ಮೊಬೈಲಿನಲ್ಲಿ ಎಂಟು ಫೋಟೋ ತೆಗೆದು ಕಳಿಸುತ್ತಾನೆ. ಎಲ್ಲೋ ಕೂತ ಸರ್ವೇಯರ್ ಅದನ್ನು ನೋಡಿ ಬರೆಯುತ್ತಾನೆ. ನನ್ನ ಜೊತೆಯವರಲ್ಲಿ ಒಬ್ಬರು ಬೇಕರಿ ಹಾಕಿದರು, ಇನ್ನೊಬ್ಬರು ಸಾಕು ಎಂದು ಮನೆಯಲ್ಲಿ ಕೂತರು. ನಾನು ಕಲಿತೆ. ಬೆಂಗಳೂರು ಆಫೀಸಿನ ಒಬ್ಬ ಹುಡುಗಿ ವಿಡಿಯೋದಲ್ಲಿ ಕಲಿಸಿದಳು. ಫೋಟೋ ಹಿಗ್ಗಿಸುವುದು, ನೆರಳು ನೋಡಿ ತಗ್ಗಿನ ಆಳ ಅಂದಾಜು ಮಾಡುವುದು, ಅಂಚಿನ ಬಣ್ಣ ನೋಡಿ ಪೆಟ್ಟು ಹೊಸದೋ ಹಳೆಯದೋ ಹೇಳುವುದು, ಎಲ್ಲ ಬಂತು. ನಲವತ್ತೆಂಟರಲ್ಲಿ ಹೊಸದಾಗಿ ಕಲಿತೆ ಎಂಬ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಫೈಲು ಮುಗಿಸುತ್ತಿದ್ದೆ. ರಾಯಚೂರಿನದು, ಕಾರವಾರದ್ದು, ನಾನು ಕಾಲಿಡದ ಊರುಗಳದ್ದು.

ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಎಂಟೂವರೆಗೆ ಹೋದರೆ ನಾಲ್ಕಕ್ಕೆ ಬರುವುದು. ಅಷ್ಟು ಹೊತ್ತು ನಾನು ಒಂದು ಮಾತನ್ನೂ ಆಡಿರುತ್ತಿರಲಿಲ್ಲ. ಅವಳು ಬಂದು ಏನಾದರೂ ಕೇಳಿದರೆ ಗಂಟಲು ಕೆರೆದುಕೊಂಡು ಉತ್ತರ ಕೊಡಬೇಕಾಗುತ್ತಿತ್ತು.

ಕಳೆದ ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ಗಬ್ಬೂರಿನಿಂದ ಮಿಸ್ತ್ರಿಯ ಫೋನು ಬಂತು. ಅವನು ಅಬ್ಬಾನ ಕೈಕೆಳಗೆ ಕೆಲಸ ಕಲಿತು ಸ್ವಂತ ಗ್ಯಾರೇಜು ಮಾಡಿಕೊಂಡವನು, ನನ್ನ ವಾರಿಗೆಯವನು. ನಾನು ಕೂತು ಕೆಲಸ ಮಾಡುವಂತಾದ ಮೇಲೆ ಅವನ ಫೋನು ಅಪರೂಪವಾಗಿತ್ತು.

"ಸಾಹೇಬ್ರ, ಗರಗ ಊರಾವೊಬ್ಬ ಗಾಡಿ ತಂದು ನಿಲ್ಲಿಸ್ಯಾನ್ರಿ. ಲಾರಿ ಸವರಿಕೊಂಡು ಹೋಗೇತಿ, ಎಡಗಡೆ ಪೂರಾ ಒಳಗ ಕುಂತೇತಿ. ಕಂಪನ್ಯಾವ್ರು ಹಳೇ ಪೆಟ್ಟು ಅಂತ ಬರದು ಕೈ ತೊಳಕೊಂಡಾರ. ಖರೇ ಹೇಳ್ತೇನಿ, ಹೊಸಾದೈತಿ. ಒಮ್ಮಿ ಬಂದು ನೋಡ್ರಿ, ಯಾರಿಗೆ ಅರ್ಜಿ ಬರೀಬೇಕೋ ಏನೋ ಹೇಳ್ರಿ."

"ಗಾಡಿ ನಂಬರ್ ಹೇಳಪಾ."

ಅವನು ಹೇಳಿದ, ನಾನು ಟೈಪ್ ಮಾಡಿದೆ. ಪರದೆಯ ಮೇಲೆ ತೆರೆದುಕೊಂಡದ್ದು ನನ್ನದೇ ವರದಿ. ತಗ್ಗಿನ ಮಡಿಕೆಗಳಲ್ಲಿ ತುಕ್ಕು ಕಾಣುತ್ತದೆ, ಹಾನಿ ಹಳೆಯದು ಎಂದು ನಾಲ್ಕು ದಿನಗಳ ಹಿಂದೆ ನಾನೇ ಬರೆದಿದ್ದೆ. ಆ ಫೈಲಿಗೆ ನಾನು ಕೊಟ್ಟ ಸಮಯ ಆರು ನಿಮಿಷ ಎಂದೂ ಅಲ್ಲಿಯೇ ನಮೂದಾಗಿತ್ತು.

"ಸಾಹೇಬ್ರ, ಅದೀರೇನ್ರಿ?"

"ಬರ್ತೇನಿ," ಅಂದೆ. ಅದು ನನ್ನ ವರದಿ ಎಂದು ಹೇಳಲಿಲ್ಲ.

ಹೋಗುವ ದಾರಿಯಲ್ಲಿ ತಲೆಯಲ್ಲಿ ಇದ್ದದ್ದು ಒಂದೇ. ಕೊಟ್ಟ ವರದಿಯನ್ನು ಸರ್ವೇಯರ್ ತನ್ನದೇ ತಪ್ಪು ಎಂದು ತಿದ್ದಿದರೆ ಅವನ ಲೆಕ್ಕಕ್ಕೆ ಒಂದು ಗುರುತು ಬೀಳುತ್ತದೆ. ನನಗೆ ಹಿಂದಿನ ವರ್ಷ ಒಂದು ಬಿದ್ದಿತ್ತು. ಇನ್ನೊಂದಾದರೆ ಫೈಲು ಕಡಿಮೆಯಾಗುತ್ತವೆ, ನಿಂತೂ ಹೋಗಬಹುದು ಎಂದು ಬೆಂಗಳೂರಿನ ಆ ಹುಡುಗಿ ಮೆಲ್ಲಗೆ ಎಚ್ಚರಿಸಿದ್ದಳು. ಗಾಡಿಯಲ್ಲಿ ತುಕ್ಕು ಇದ್ದುಬಿಡಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡೆ. ಪರರ ಗಾಡಿಗೆ ತುಕ್ಕು ಬಯಸಿ ಹೋಗುತ್ತಿದ್ದೆ, ಅಷ್ಟೇ ನಿಜ.

ಗರಗದಿಂದ ಮಾರ್ಕೆಟ್ಟಿಗೆ ತರಕಾರಿ ತರುವ ಸಣ್ಣ ಗಾಡಿ ಅದು. ಮಾಲೀಕ ಮೂವತ್ತರ ಒಳಗಿನವನು, ಹೆಚ್ಚು ಮಾತಾಡುವವನಲ್ಲ. ಗಾಡಿ ನಿಂತದ್ದರಿಂದ ಅವನ ಬಾಡಿಗೆ ಸಾಗಾಟಗಳನ್ನು ಆಗಲೇ ಇನ್ನೊಬ್ಬ ಹಿಡಿದಿದ್ದ. ಮಾತಾಡಿದ್ದು ಹಳೆಯ ಟೈರಿನ ಮೇಲೆ ಕೂತಿದ್ದ ಅವನ ತಾಯಿ.

"ಯಾವನೋ ಫ್ಯಾನಿನ ಗಾಳ್ಯಾಗ ಕುಂತು ಬರದಾನಂತ್ರಿ, ಗಾಡಿಗೆ ತುಕ್ಕು ಹಿಡದೇತಿ ಅಂತ. ಅವನ ಕಣ್ಣಿಗೇ ತುಕ್ಕು ಹಿಡದೇತಿ."

"ಯವ್ವಾ, ಸುಮ್ಮ ಕುಂದ್ರಬೇ," ಅಂದ ಮಗ.

"ಯಾಕ ಸುಮ್ಮ ಕುಂದ್ರಲಿ? ಅವ ಏನ್ ಇಲ್ಲಿ ಕೇಳಾಕ ಬರ್ತಾನೇನು?"

ನಾನು ಗಾಡಿಯ ಎಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಫೋಟೋದಲ್ಲಿ ಕಂಡ ಕೆಂಪುಕಂದು ಗೆರೆಗಳು ಮಡಿಕೆಗಳಲ್ಲಿ ಹಾಗೆಯೇ ಇದ್ದವು, ಕೆಳಗೆ ಇಳಿದ ಹನಿಗಳೂ ಇದ್ದವು. ಬೆರಳು ಒದ್ದೆ ಮಾಡಿ ಉಜ್ಜಿದೆ. ಗೆರೆ ಅಳಿಸಿ ಬೆರಳಿಗೆ ಬಂತು. ಕೆಳಗೆ ಬಣ್ಣ ಎದ್ದ ತಗಡು ಹೊಸ ಪಾತ್ರೆಯ ಹಾಗೆ ಬೆಳ್ಳಗಿತ್ತು. ಬೆರಳು ಮೂಸಿದೆ. ಅರಿಷಿಣ.

"ಇದೇನ್ರಿ ಇಲ್ಲಿ ಹಚ್ಚಿದ್ದು?"

"ದೃಷ್ಟಿ ತಗದದ್ದಲ್ಲೇನ್ರೀ ಅದು," ಅಂದಳು ತಾಯಿ. "ಮಗಾ ಜೀವಂತ ಮನೀಗೆ ಬಂದಾನ, ಬಿಡತೇನೇನು? ಅರಿಷಿಣ ಸುಣ್ಣಾ ಕಲಿಸಿ, ಕೆಂಪ ನೀರು ಅವಗೂ ಇಳಿಸಿ ಗಾಡಿಗೂ ಇಳಿಸಿ, ಪೆಟ್ಟ ಬಿದ್ದಲ್ಲೇ ಚೆಲ್ಲೇನಿ. ಆಮ್ಯಾಲ ಇವ ಫೋಟೋ ಹೊಡದಾನ."

ಈ ಕೆಂಪು ನೀರನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಬ್ಬಾನ ಗ್ಯಾರೇಜಿನಿಂದ ಗಾಡಿ ಹೊರಡುವಾಗ ಮಾಲೀಕರ ಮನೆಯ ಹೆಂಗಸರು ಬಂದು ದೃಷ್ಟಿ ತೆಗೆಯುವರು. ಅಬ್ಬಾ ಹೊಸ ಬಣ್ಣಕ್ಕೆ ಕಲೆಯಾಗುತ್ತದೆ ಎಂದು ಒಳಗೊಳಗೇ ಗೊಣಗುತ್ತ, ಮುಖದಲ್ಲಿ ಮಾತ್ರ ನಗುತ್ತ ನಿಂತಿರುವರು. ಅವರು ಆಚೆ ತಿರುಗಿದ ಕೂಡಲೇ ಬಟ್ಟೆ ತಂದು ಒರೆಸುವವನು ನಾನೇ ಆಗಿದ್ದೆ. ನೂರಾರು ಬಾಗಿಲು ಒರೆಸಿದ್ದೇನೆ. ಪರದೆಯ ಮೇಲೆ ಅದನ್ನೇ ಹಿಗ್ಗಿಸಿ ನೋಡಿ ತುಕ್ಕು ಎಂದು ಬರೆದಿದ್ದೆ.

ತಾಯಿ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. "ತಿನ್ರಿ ಯಪ್ಪಾ. ಏನ್ ಓದೀರಿ ನೀವು?"

"ಬಿ.ಇ. ಆಗೇತಿ ಯವ್ವಾ. ನಮ್ಮ ಉಸ್ತಾದರ ಮಗಾ," ಅಂದ ಮಿಸ್ತ್ರಿ.

"ನೋಡ್ರಿ, ಓದಿದಾವ್ರು ಅಂದ್ರ ಹಿಂಗಿರಬೇಕು. ಬಂದ್ರಿ, ಕೈ ಹಚ್ಚಿ ನೋಡಿದ್ರಿ."

ಆ ರೊಟ್ಟಿಯನ್ನು ತಿಂದೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಆ ಫ್ಯಾನಿನ ಗಾಳಿಯವನು ನಾನೇ ಅನ್ನಲೂ ಬರಲಿಲ್ಲ. ಒಂದೆರಡು ದಿನದಲ್ಲಿ ಆಗುತ್ತದೆ, ಗಾಡಿ ಒರೆಸಬೇಡಿ ಎಂದಷ್ಟೇ ಹೇಳಿ, ಬೆರಳಿನ ಫೋಟೋ, ತಗಡಿನ ಫೋಟೋ ತೆಗೆದುಕೊಂಡು ಎದ್ದು ಬಂದೆ.

ಮನೆಗೆ ಬಂದು ಫೈಲು ತೆರೆದೆ. ವರದಿ ತಿದ್ದುವ ಮೊದಲು ಕಾರಣ ಆರಿಸಬೇಕು. ಮಾಲೀಕರಿಂದ ಹೆಚ್ಚಿನ ದಾಖಲೆ ಬಂದಿದೆ, ಗ್ಯಾರೇಜಿನಿಂದ ಸ್ಪಷ್ಟನೆ ಬಂದಿದೆ, ಇತರೆ. ಮೊದಲನೆಯದನ್ನು ಒತ್ತಿದ್ದರೆ ಅವನ ಗಾಡಿಯೂ ರಿಪೇರಿಯಾಗುತ್ತಿತ್ತು, ನನ್ನ ಮೇಲೆ ಗುರುತೂ ಬೀಳುತ್ತಿರಲಿಲ್ಲ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು 'ಇತರೆ' ಒತ್ತಿ, ತುಕ್ಕು ಎಂದದ್ದು ನನ್ನ ತಪ್ಪು, ಅದು ಅರಿಷಿಣ ಸುಣ್ಣದ ನೀರು, ಗಾಡಿಯನ್ನು ಖುದ್ದು ನೋಡಿದ್ದೇನೆ, ಹಾನಿ ಹೊಸದು ಎಂದು ಬರೆದು ಕಳಿಸಿದೆ. ಅರಿಷಿಣ ಸುಣ್ಣ ಯಾಕೆ ಬಂತು ಎಂದು ಇಂಗ್ಲಿಷಿನಲ್ಲಿ ವಿವರಿಸಲು ನಾಲ್ಕು ಸಾಲು ಬೇಕಾದವು.

ಒಂದು ಗಂಟೆಯಲ್ಲಿ ಬೆಂಗಳೂರಿನ ಹುಡುಗಿ ಫೋನು ಮಾಡಿದಳು.

"ಸರ್, ಫೈಲು ವಾಪಸ್ ಕಳಿಸ್ತೀನಿ. ಹೆಚ್ಚಿನ ದಾಖಲೆ ಬಂತು ಅಂತ ಹಾಕ್ಬಿಡಿ, ಪ್ಲೀಸ್."

"ದಾಖಲೆ ಏನೂ ಬಂದಿಲ್ರೀ ಮೇಡಂ. ನಾ ಹೋಗಿ ಮುಟ್ಟಿ ನೋಡೇನಿ."

"ಮುಟ್ಟಿ ನೋಡಿದ್ದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ ಸರ್."

ಅವಳು ತಮಾಷೆ ಮಾಡಿದ್ದಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದಳು. ಇರಲಿ ಬಿಡ್ರಿ, ಹಾಗೇ ಹೋಗಲಿ ಅಂದೆ. ಆರು ವರ್ಷ ತೆಗೆದುಕೊಂಡು, ನಕಲು ಮಾಡದೆ ಪಾಸಾದದ್ದು ಇಲ್ಲಿಗೆ ಬಂದು ಒಂದು ಸುಳ್ಳು ಗುಂಡಿ ಒತ್ತಲು ಅಲ್ಲ ಎಂದು ಅವಳಿಗೆ ಹೇಳಲು ಹೋಗಲಿಲ್ಲ.

ಮರುದಿನದಿಂದ ಫೈಲು ಬರುವುದು ನಿಂತಿತು. ಒಂಬತ್ತಕ್ಕೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂಡುತ್ತಿದ್ದೆ. ಪರದೆ ಖಾಲಿ. ಕಿಟಕಿಯಾಚೆ ತರಕಾರಿಯವನು ಕೂಗಿಕೊಂಡು ಹೋಗುವನು, ಮೇಲಿನ ಮನೆಯವರು ಬಟ್ಟೆ ಒಣಹಾಕುವರು. ಮೊದಲ ದಿನ ಹೆಂಡತಿಗೆ ಸರ್ವರ್ ಕೆಟ್ಟಿದೆ ಅಂದೆ. ಮೂರನೆಯ ದಿನ ಇದ್ದದ್ದು ಹೇಳಿದೆ. ಅವಳು ಬ್ಯಾಗು ಕೆಳಗಿಟ್ಟು, "ಊಟಾ ಮಾಡೀರಿಲ್ಲೋ?" ಅಂದಳು. ಮಾಡಿರಲಿಲ್ಲ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಮಿಸ್ತ್ರಿ ಫೋನು ಮಾಡಿದ. ಗರಗದವನ ಗಾಡಿಗೆ ಮಂಜೂರಾಗಿತ್ತು, ಹೊಸ ಬಾಗಿಲು ಬಂದಿತ್ತು.

"ಕಾಗದಾ ಬಂದಾವ್ರಿ. ಹಿಂದಿನ ವರದಿ, ಈಗಿನ ವರದಿ, ಎರಡರಾಗೂ ನಿಮ್ಮ ಹೆಸರಽ ಐತೆಲ್ಲ ಸಾಹೇಬ್ರ."

"ಹೌದು."

"ಆ ಮುದಕೀ ರೊಟ್ಟಿ ತಿಂದ್ರಿ."

"ತಿಂದೆ."

ಅವನ ಕಡೆ ಯಾರೋ ತಗಡು ಬಡಿಯುತ್ತಿದ್ದರು.

"ಹೋಗ್ಲಿ, ಬಿ.ಇ. ಮಾಡಿದ್ದಕ್ಕ ಇಷ್ಟಾರ ಆತು ನೋಡ್ರಿ. ಇಂಗ್ಲಿಷಿನ್ಯಾಗ ತಪ್ಪು ಒಪ್ಪಗೊಂಡೀರಿ. ನಾವಾಗಿದ್ರ ಕನ್ನಡದಾಗ ಬೈಸಿಗೋತಿದ್ವಿ."

ಇಬ್ಬರೂ ನಕ್ಕೆವು. ಮೊದಲಿನ ವರದಿಯೂ ನನ್ನದೇ ಎಂದು ಆ ತಾಯಿ ಮಗನಿಗೆ ಹೇಳಿದೆಯಾ ಎಂದು ಕೇಳಿದೆ. "ಇಲ್ರಿ. ಯಾರೋ ಒಳ್ಳೇ ಆಫೀಸರು ಬೆಂಗಳೂರಾಗ ಅದಾರ ಅಂತ ತಿಳಕೊಂಡಾರ, ಇರ್ಲಿ ಬಿಡ್ರಿ," ಅಂದ. ಆಮೇಲೆ ಅವನೂ ಫೋನು ಮಾಡಿಲ್ಲ, ನಾನೂ ಹೋಗಿಲ್ಲ. ಅವನು ಹೇಳದೆ ಉಳಿಸಿದ್ದು ನನಗೆ ಒಳ್ಳೆಯದೋ ಅಲ್ಲವೋ ಇನ್ನೂ ತಿಳಿದಿಲ್ಲ.

ಮುಂದಿನ ವಾರ ಒಂದು ಫೈಲು ಬಂತು, ಸಿಂಧನೂರು ಕಡೆಯ ಕಾರು. ಈಗ ದಿನಕ್ಕೆ ಐದೋ ಆರೋ ಬರುತ್ತವೆ. ಸಂಸಾರ ಬಹುಮಟ್ಟಿಗೆ ಹೆಂಡತಿಯ ಸಂಬಳದ ಮೇಲೆ ನಡೆದಿದೆ. ಸಮಯ ಇರುವುದರಿಂದ ನಾನು ಫೋಟೋ ನೋಡಿ ಬಿಡುವುದಿಲ್ಲ, ಮಾಲೀಕರಿಗೆ ವಿಡಿಯೋ ಕರೆ ಮಾಡುತ್ತೇನೆ. ನನ್ನ ಕೈ ಅಲ್ಲಿಗೆ ಮುಟ್ಟದು. ಅವರ ಕೈಯನ್ನೇ ಕೇಳಬೇಕು. ಸಿಂಧನೂರಿನ ಕಾರಿನ ಒಡತಿಗೂ ಹಾಗೇ ಮಾಡಿದೆ.

"ಬಂಪರ್ ಮ್ಯಾಲೆ ಬೆರಳು ಹಚ್ಚಿ ಉಜ್ಜಿ, ಬೆರಳು ನನಗ ತೋರಸ್ರಿ."

"ಯಾಕ್ರೀ? ಆ್ಯಪ್‌ನಾಗ ಫೋಟೋ ಅಷ್ಟಽ ಕೇಳಿತ್ತು." ಆಮೇಲೆ ಅನುಮಾನದಿಂದ ಕೇಳಿದಳು, "ನೀವು ಖರೇ ಮನಷ್ಯಾರೇನ್ರಿ, ರೆಕಾರ್ಡಿಂಗಾ?"

"ಮನಷ್ಯಾನಽ ಅದೀನ್ರಿ. ಹುಬ್ಬಳ್ಳ್ಯಾಗ."

"ಹಂಗಾರ ತಡೀರಿ, ಇಲ್ಲಿ ಕತ್ತಲೈತಿ. ಗಾಡಿ ಹೊರಗ ತಗೀತೇನಿ."

ಅವಳು ಫೋನನ್ನು ಎಲ್ಲೋ ಕಟ್ಟೆಯ ಮೇಲೆ ಒರಗಿಸಿ ಹೋದಳು. ಪರದೆಯಲ್ಲಿ ಒಂದು ಅಂಗಳ, ಒಗೆದ ಹಾಸಿಗೆ ಬಟ್ಟೆ, ಬಿಸಿಲು ಕಾಣುತ್ತಿತ್ತು. ಒಂದು ಕೋಳಿ ಹತ್ತಿರ ಬಂದು ಫೋನನ್ನು ನೋಡಿ ಹೋಯಿತು. ನಾನು ಕಾಯುತ್ತ ಕೂತೆ.