ಅಪ್ಪನ ಆಂಪ್ಲಿಫೈಯರ್ ಪೆಟ್ಟಿಗೆ

ಮುಳಬಾಗಿಲಿನ ನಮ್ಮ ಬೀದಿಯ ಬಡಗಿ ಸಾಬರು ಗರಗಸ ಎತ್ತುವ ಮೊದಲು ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಡುತ್ತಿದ್ದರು. "ತಡೀರಿ, ಕೇಳೋಣ" ಎನ್ನುತ್ತಿದ್ದರು.

ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಅಪ್ಪನ ಹಳೆಯ ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಹರಿದುಹೋಗಿತ್ತು. ಸಿಕ್ಕ ಹೊಸದು ಪೆಟ್ಟಿಗೆಯ ಮುಂದಿನ ಹಲಗೆಯ ತೂತಿಗಿಂತ ದೊಡ್ಡದು. "ನನ್ನ ನಾದ ಇರೋದೇ ಆ ಹಲಗೇಲಿ. ಕೊಯ್ದ್ರೆ ಗಿಟಾರ್ ಮುಟ್ಟಲ್ಲ" ಎಂದರು ಅಪ್ಪ.

ಪೆಟ್ಟಿಗೆ ಒಯ್ದು ಸಾಬರಿಗೆ ಅದನ್ನೇ ಹೇಳಿದೆ.

"ತಡೀರಿ, ಕೇಳೋಣ. ಟೀ ಕುಡ್ಕೊಂಡ್ ಬನ್ನಿ."

ಅರ್ಧ ಲೋಟಕ್ಕೇ ಗರಗಸದ ಸದ್ದು ಕೇಳಿಸಿತು. ಓಡಿಬಂದೆ. ಅವರು ಕೊಯ್ಯುತ್ತಿದ್ದುದು ಹೊಸ ಪ್ಲೈವುಡ್. ಬಿಚ್ಚಿದ ಹಳೆಯ ಹಲಗೆಯನ್ನು ತಮ್ಮ ಟವೆಲಿನಲ್ಲಿ ಸುತ್ತಿಟ್ಟಿದ್ದರು.

"ಬೇಕಂದ್ರೆ ಇದನ್ನೇ ವಾಪಸ್ ಹಾಕ್ಕೊಡ್ತೀನಿ. ಏನ್ ಸಾರ್, ಟೀ ಚೆಲ್ಲಿಬಿಟ್ರಾ?"

ಮನೆಯಲ್ಲಿ ಅಪ್ಪ ಹೊಸ ಹಲಗೆಯನ್ನು ತಟ್ಟಿದರು, ಕಿವಿ ಇಟ್ಟರು, ಗಿಟಾರ್ ಎತ್ತಿಕೊಂಡರು.